ಛತ್ರಿ ಬಿಚ್ಚಿದ ಮೇಲೆ

ನಾಣಿಯ ವಾದ ಇಷ್ಟೇ: "ಸೈನ್ಯ ಸೇರಿದರೆ ಪ್ಯಾರಾಶೂಟ್ ಪಡೆಗೇ ಸೇರಬೇಕು ನೋಡಿ. ಉಳಿದವರು ಮೂಟೆ ಹೊತ್ತು ಮೈಲಿಗಟ್ಟಲೆ ನಡೀಬೇಕು. ಇವರು ವಿಮಾನದಲ್ಲಿ ಹಾಯಾಗಿ ಕೂತು ಹೋಗಿ, ಶತ್ರುವಿನ ತಲೆ ಮೇಲೆ ಇಳಿದರೆ ಆಯ್ತು. ರಾಜಯೋಗ!"

ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಅವರ ಕೈ ಕನ್ನಡಕಕ್ಕೆ ಹೋಯಿತೆಂದರೆ ಪಾಠ ಶುರುವಾಯಿತು ಅಂತಲೇ ಲೆಕ್ಕ.

"ಹಾಯಾಗಿ ಕೂತು ಅಂದೆಯಲ್ಲ. 1930ರ ದಶಕದಲ್ಲಿ ಸೋವಿಯತ್ ಸೈನ್ಯದ ಹತ್ತಿರ ಟಿಬಿ-3 ಅಂತ ದೈತ್ಯ ಬಾಂಬರ್ ಇತ್ತು. ಅದರಿಂದ ಹಾರುವವರು ಹೊರಗೆ ಬಂದು, ರೆಕ್ಕೆ ಮೇಲೆ ತೆವಳಿ, ಅಲ್ಲಿಂದ ಜಾರಿ ಬೀಳಬೇಕಿತ್ತು."

"ರೆಕ್ಕೆ ಮೇಲಾ? ವಿಮಾನ ಹಾರ್ತಿರುವಾಗ?"

"ನಿಂತಿರುವಾಗ ಜಾರೋದಕ್ಕೆ ಪ್ಯಾರಾಶೂಟ್ ಯಾಕಪ್ಪಾ?"

ಶೀನ ಬಾಯಿ ಹಾಕಿದ. "ಬ್ರಿಟಿಷರದ್ದು ಇನ್ನೂ ಚೆನ್ನ. ವಿಟ್ಲಿ ಬಾಂಬರಿನ ನೆಲದಲ್ಲೇ ಒಂದು ತೂತು. ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ನೆಟ್ಟಗೆ ಜಾರಬೇಕು. ಸ್ವಲ್ಪ ಜೋರಾಗಿ ಮುಂದಕ್ಕೆ ತಳ್ಳಿಕೊಂಡರೆ ಎದುರಿನ ಅಂಚು ಮೂತಿಗೆ ಬಡೀತಿತ್ತು. ಸೈನಿಕರು ಅದಕ್ಕೆ 'ಗಂಟೆ ಬಾರಿಸೋದು' ಅಂತ ಹೆಸರಿಟ್ಟಿದ್ದರು."

"ಬಡವನ ಕೋಪ ದವಡೆಗೆ ಮೂಲ ಅಂತಾರೆ," ಅಂದರು ಮೇಷ್ಟ್ರು. "ಪಾಪ, ಇವರು ಕೋಪವನ್ನೂ ಮಾಡಿಕೊಂಡಿರಲಿಲ್ಲ. ಜೊತೆಗೆ ಎರಡನೇ ಮಹಾಯುದ್ಧದ ಉದ್ದಕ್ಕೂ ಬ್ರಿಟಿಷರಿಗೆ ಇದ್ದದ್ದು ಒಂದೇ ಪ್ಯಾರಾಶೂಟ್. ಅಮೆರಿಕದವರು ಎದೆ ಮೇಲೆ ಇನ್ನೊಂದು ಕಟ್ಟಿಕೊಂಡು ಹೋಗುತ್ತಿದ್ದರು."

ನಾಣಿ ಸುಲಭಕ್ಕೆ ಸೋಲುವ ಪೈಕಿ ಅಲ್ಲ. "ಸರಿ, ಹಾರೋದು ಕಷ್ಟ. ಒಪ್ಪಿದೆ. ಇಳಿದ ಮೇಲೆ ಆರಾಮ, ಅಲ್ವಾ?"

ಶೀನ ನಕ್ಕ. ಅವನಿಗೆ ಬೇಕಿದ್ದದ್ದೇ ಈ ಪ್ರಶ್ನೆ. "1941ರ ಮೇ ತಿಂಗಳು. ಗ್ರೀಸಿನ ಕ್ರೀಟ್ ದ್ವೀಪದ ಮೇಲೆ ಜರ್ಮನ್ನರು ಇಳಿದರು. ಅವರ ಪ್ಯಾರಾಶೂಟಿನ ಹಗ್ಗ ಬೆನ್ನ ಹಿಂದೆ ಒಂದೇ ಕಡೆ ಗಂಟು. ಹಿಡಿದು ಎಳೆದು ದಿಕ್ಕು ಬದಲಿಸೋಣ ಅಂದರೆ ಕೈಗೆ ಸಿಗಲ್ಲ. ಮುಂದಕ್ಕೆ ಬಾಗಿ ನೇತಾಡುತ್ತಾ ಬಂದು ಮಂಡಿ ಕೈ ಊರಿ ಬೀಳೋದು. ಅದಕ್ಕೇ ಮಂಡಿಗೆ ದಪ್ಪ ಮೆತ್ತೆ. ಇನ್ನು ಬಂದೂಕು ಎಲ್ಲಿ? ಅದು ಬೇರೆ ಡಬ್ಬಿಯಲ್ಲಿ, ಬೇರೆ ಪ್ಯಾರಾಶೂಟಿನಲ್ಲಿ, ಬೇರೆಲ್ಲೋ ಬಿದ್ದಿರುತ್ತಿತ್ತು! ಹೆಚ್ಚಿನವರ ಕೈಲಿ ಪಿಸ್ತೂಲು, ಚಾಕು, ಗ್ರೆನೇಡು ಅಷ್ಟೇ. ಎದುರಾಳಿ ಗುಂಡು ಹಾರಿಸುತ್ತಿದ್ದರೆ ಇವರು ಡಬ್ಬಿ ಹುಡುಕಬೇಕು."

"ಬಿದ್ದವನಿಗೆ ಆಳಿಗೊಂದು ಕಲ್ಲು," ಅಂದ ನಾಣಿ, ಮೆತ್ತಗಾಗಿ.

"ದ್ವೀಪವೇನೋ ಸಿಕ್ಕಿತು. ಆದರೆ ಸತ್ತವರ ಸಂಖ್ಯೆ ನೋಡಿ ಹಿಟ್ಲರ್ ಆಮೇಲೆ ಅಂಥ ದೊಡ್ಡ ದಾಳಿಗೆ ಕೈ ಹಾಕಲಿಲ್ಲ. ಬ್ರಿಟನ್, ಅಮೆರಿಕಗಳು ಅದೇ ಕ್ರೀಟನ್ನು ನೋಡಿ, ಆಹಾ ಎಂಥ ಉಪಾಯ ಅಂತ ಡಿವಿಷನ್‌ಗಟ್ಟಲೆ ಪ್ಯಾರಾಟ್ರೂಪರ್‌ಗಳನ್ನು ತಯಾರು ಮಾಡಿದವು. ಎತ್ತು ಏರಿಗೆ, ಕೋಣ ನೀರಿಗೆ."

ಅಲ್ಲಿಂದ ಮಾತು ಫ್ರಾನ್ಸಿನ ನಾರ್ಮಂಡಿಗೆ ಹೋಗದೆ ಇರುತ್ತದೆಯೇ? 1944ರ ಜೂನ್ 6ರ ನಸುಕು. ಮೋಡ, ಕೆಳಗಿನಿಂದ ಗುಂಡಿನ ಮಳೆ. ಅಮೆರಿಕದ 82 ಮತ್ತು 101ನೇ ಡಿವಿಷನ್ನಿನವರು ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಬಿದ್ದರು. ಜರ್ಮನ್ನರು ನೀರು ನಿಲ್ಲಿಸಿದ್ದ ಗದ್ದೆಗಳಲ್ಲಿ ಎಷ್ಟೋ ಜನ ಮುಳುಗಿಯೇ ಹೋದರು. ಇದನ್ನು ಹೇಳುವಾಗ ಶೀನನೂ ನಗಲಿಲ್ಲ.

"101ರವರ ಕೈಗೆ ಒಂದು ತಗಡಿನ ಆಟಿಕೆ ಕೊಟ್ಟಿದ್ದರು," ಅಂತ ಮೇಷ್ಟ್ರು ಮುಂದುವರಿಸಿದರು. "ಅದುಮಿದರೆ ಟಿಕ್-ಟಾಕ್ ಅಂತ ಸದ್ದು. ಕತ್ತಲಲ್ಲಿ ಪೊದೆ ಅಲುಗಿದರೆ ನೀನು ಒಂದು ಸಲ ಒತ್ತಬೇಕು. ಆ ಕಡೆಯಿಂದ ಎರಡು ಸಲ ಸದ್ದು ಬಂದರೆ ನಮ್ಮವನು."

"ಬರದಿದ್ದರೆ?"

"ಓಡು."

82ರ ಜಾನ್ ಸ್ಟೀಲ್ ಅನ್ನುವವನಿಗೆ ಓಡುವ ಭಾಗ್ಯವೂ ಇರಲಿಲ್ಲ. ಅವನ ಪ್ಯಾರಾಶೂಟ್ ಸೇಂಟ್ ಮೇರ್ ಎಗ್ಲೀಸ್ ಊರಿನ ಚರ್ಚಿನ ಗೋಪುರಕ್ಕೆ ಸಿಕ್ಕಿಕೊಂಡಿತು. ಕೆಳಗೆ ಯುದ್ಧ, ಮೇಲೆ ಈ ತ್ರಿಶಂಕು, ಸತ್ತವನ ಹಾಗೆ ನಟಿಸುತ್ತಾ! ಕೊನೆಗೆ ಜರ್ಮನ್ನರು ಇಳಿಸಿ ಸೆರೆ ಹಿಡಿದರು, ಅಲ್ಲಿಂದಲೂ ತಪ್ಪಿಸಿಕೊಂಡ. ಈಗಲೂ ಆ ಗೋಪುರದಲ್ಲಿ ಅವನದೊಂದು ಬೊಂಬೆ ನೇತಾಡುತ್ತಿದೆ.

"ಬೊಂಬೆ ಅಂದ ಮೇಲೆ ನೆನಪಾಯ್ತು," ಅಂದ ಶೀನ. "ಅದೇ ರಾತ್ರಿ ಬ್ರಿಟಿಷರು ಬಟ್ಟೆಯ ಬೊಂಬೆಗಳನ್ನೂ ಪ್ಯಾರಾಶೂಟ್ ಕಟ್ಟಿ ಇಳಿಸಿದ್ದರು. ಹೆಸರು ರೂಪರ್ಟ್. ಸುಮ್ನೆ ಜರ್ಮನ್ನರನ್ನು ಆ ಕಡೆ ಓಡಿಸೋಕೆ."

"ಪುಣ್ಯಾತ್ಮರು! ಅವಕ್ಕೆ ಬಂದೂಕೂ ಹುಡುಕಬೇಕಿಲ್ಲ," ಅಂತ ನಾಣಿ ನಿಟ್ಟುಸಿರು ಬಿಟ್ಟ.

ಗ್ಲೈಡರಿನ ಕತೆ ನನ್ನ ಪಾಲಿಗೆ ಬಂತು. ಎಂಜಿನ್ ಇಲ್ಲದ ಮರದ ವಿಮಾನ. ಇನ್ನೊಂದು ವಿಮಾನ ಎಳೆದುಕೊಂಡು ಹೋಗಿ ಕೈಬಿಡುತ್ತದೆ. ಜಾಗ ತಪ್ಪಿತು, ಇನ್ನೊಂದು ಸುತ್ತು ಬರೋಣ ಅನ್ನುವ ಹಾಗಿಲ್ಲ. ಅದೇ ರಾತ್ರಿ ಬ್ರಿಟಿಷ್ ಪೈಲಟ್ ಜಿಮ್ ವಾಲ್‌ವರ್ಕ್ ತನ್ನ ಹೋರ್ಸಾ ಗ್ಲೈಡರನ್ನು ಈಗ ಪೆಗಾಸಸ್ ಅಂತ ಕರೆಯುವ ಸೇತುವೆಯ ಪಕ್ಕಕ್ಕೇ ತಂದು ಇಳಿಸಿದ. ಇಳಿದ ರಭಸಕ್ಕೆ ಮುಂದಿನ ಗಾಜು ಒಡೆದು ಅವನೇ ಹೊರಗೆ ಹಾರಿ ಬಿದ್ದ. ಸೇತುವೆ ಮಾತ್ರ ಕೈಗೆ ಬಂತು. ಅಂಥ ಪೈಲಟ್ ಇಳಿದ ಮೇಲೆ ಬಂದೂಕು ಹಿಡಿದು ಹೋರಾಡಲೂಬೇಕಿತ್ತು. ಆಮೇಲೆ ಹೆಲಿಕಾಪ್ಟರ್ ಬಂದು ಗ್ಲೈಡರುಗಳನ್ನು ಮನೆಗೆ ಕಳಿಸಿತು ಅನ್ನಿ.

"ಟ್ಯಾಂಕಿಗೇ ರೆಕ್ಕೆ ಕಟ್ಟಿದ್ದರೆ ಆಗ್ತಿರಲಿಲ್ವಾ?" ಅಂದ ನಾಣಿ, ಗೇಲಿಗೆ.

"ಕಟ್ಟಿದ್ದರು," ಅಂದರು ಮೇಷ್ಟ್ರು ತಣ್ಣಗೆ. "1942, ಸೋವಿಯತ್ತಿನ ವಿಮಾನ ವಿನ್ಯಾಸಕ ಆಂಟೊನೊವ್. ಟ್ಯಾಂಕನ್ನು ಎಳೆದೂ ಎಳೆದೂ ಮುಂದಿನ ವಿಮಾನದ ಎಂಜಿನ್ ಕಾಯ್ದು, ನಡುವೆಯೇ ಬಿಟ್ಟುಬಿಟ್ಟರು. ಟ್ಯಾಂಕು ಹೇಗೋ ತೇಲಿ ಇಳಿಯಿತು. ಪೈಲಟ್ ಅನೋಖಿನ್ ಅದನ್ನು ಓಡಿಸಿಕೊಂಡೇ ವಾಪಸ್ ಬಂದ."

ನಾಣಿ ತಲೆ ಮೇಲೆ ಕೈ ಹೊತ್ತ. ಮೇಷ್ಟ್ರು ಬಿಡಲಿಲ್ಲ. "1973ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಯುದ್ಧವಾಹನದ ಒಳಗೆ ಇಬ್ಬರನ್ನು ಕೂರಿಸಿ, ವಾಹನ ಸಮೇತ ವಿಮಾನದಿಂದ ಇಳಿಸಿದರು. ಇಬ್ಬರಲ್ಲಿ ಒಬ್ಬ ಅಲೆಕ್ಸಾಂಡರ್ ಮಾರ್ಗೆಲೋವ್. ಸೋವಿಯತ್ ಪ್ಯಾರಾಶೂಟ್ ಪಡೆಯ ದಂಡನಾಯಕ ವಾಸಿಲಿ ಮಾರ್ಗೆಲೋವ್ ಅವನ ಸ್ವಂತ ಅಪ್ಪ."

"ಮಗ ಬದುಕಿದನಾ?"

"ಇಬ್ಬರೂ ಬದುಕಿದರು. ವಾಹನವೂ ಓಡಿತು."

ನಾಣಿ ಸ್ವಲ್ಪ ಹೊತ್ತು ಯೋಚಿಸಿದ. "ನಮ್ಮಪ್ಪ ಸ್ಕೂಟರ್ ಕೀ ಬಚ್ಚಿಡ್ತಾರೆ ಅಂತ ಇನ್ನು ಬೈಯಲ್ಲ ಬಿಡಿ."