ರಮಣರ ದಾರಿ ಹಿಡಿಯಲು ಮನೆ ಬಿಡಲೇಬೇಕಾ?

ಸುಂಟಿಕೊಪ್ಪದ ತೋಟದವ: ತಮ್ಮ ಹೋದ ವಾರ ತಮಿಳುನಾಡಿನ ತಿರುವಣ್ಣಾಮಲೈಗೆ, ರಮಣ ಮಹರ್ಷಿಗಳ ಆಶ್ರಮಕ್ಕೆ ಹೋಗಿ ಬಂದ. ಇಲ್ಲಿ ಕಾಫಿ ಕುಯ್ಲು ಅರ್ಧದಲ್ಲಿದೆ, ಆಳು ಸಿಗುತ್ತಿಲ್ಲ, ಅಮ್ಮನಿಗೆ ಮಂಡಿ ನೋವು. ಇವನು ಎಲ್ಲ ಬಿಟ್ಟು ಅಲ್ಲೇ ಇದ್ದುಬಿಡುತ್ತೇನೆ ಅನ್ನುತ್ತಾನೆ. ರಮಣ ಮಹರ್ಷಿಗಳೂ 16ನೇ ವಯಸ್ಸಿಗೆ ಮನೆ ಬಿಟ್ಟವರೇ ಅಲ್ವಾ ಅಂತ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಬಲ್ಲವರು ಹೇಳಿ.

ನಾಪೋಕ್ಲು ಅಕ್ಕ: ನನಗೆ ಮೊದಲಿಂದಲೂ ಇದೊಂದು ಸರಿ ಅನಿಸುವುದಿಲ್ಲ. 1892ರಲ್ಲಿ ರಮಣರ ಅಪ್ಪ ತೀರಿಕೊಂಡಿದ್ದರು. ನಾಲ್ಕು ವರ್ಷಕ್ಕೆ ಮಗನೂ ಹೇಳದೆ ಹೋದ. ಆ ತಾಯಿಯ ಗತಿ ಏನು?

ಗೋಣಿಕೊಪ್ಪ ಮೇಷ್ಟ್ರು: ಅಕ್ಕ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅವರು ಕೆಲಸಕ್ಕೆ ಹೆದರಿ ಹೋದವರಲ್ಲ. 1896ರ ಜುಲೈನಲ್ಲಿ ಮಧುರೆಯ ಚಿಕ್ಕಪ್ಪನ ಮನೆಯಲ್ಲಿ ಒಮ್ಮೆಲೇ ಸಾವಿನ ಭಯ ಹಿಡಿಯಿತು. ಹುಡುಗ ಡಾಕ್ಟರನ್ನು ಕರೆಯಲಿಲ್ಲ, ಹೆಣದ ಹಾಗೆ ಮಲಗಿ, ಸಾಯುವುದು ಈ ಮೈ, ಹಾಗಾದರೆ ನಾನು ಯಾರು ಅಂತ ಒಳಗೇ ಹುಡುಕಿದ. ಆಮೇಲೆ ಅಣ್ಣನ ಕಾಲೇಜು ಫೀಸಿನ 5 ರೂಪಾಯಿಯಲ್ಲಿ 3 ಮಾತ್ರ ತಗೊಂಡು, ಉಳಿದ 2ನ್ನು ಚೀಟಿ ಜೊತೆ ಇಟ್ಟು ಹೊರಟ. ಫೀಸು ಇನ್ನೂ ಕಟ್ಟಿಲ್ಲ ಅಂತಲೂ ಬರೆದಿಟ್ಟ! ಸೆಪ್ಟೆಂಬರ್ 1ಕ್ಕೆ ತಿರುವಣ್ಣಾಮಲೈ ತಲುಪಿದ.

ನಾಪೋಕ್ಲು ಅಕ್ಕ: ಅದು ಸರಿ ಮೇಷ್ಟ್ರೇ. ಆದರೆ 1898ರಲ್ಲಿ ತಾಯಿ ಅಳಗಮ್ಮ ಹುಡುಕಿಕೊಂಡು ಹೋಗಿ ಅತ್ತು ಕರೆದರೂ ಮಗ ಬಾಯಿಬಿಡಲಿಲ್ಲ. ಕೊನೆಗೆ ಆಗುವುದು ಆಗೇ ಆಗುತ್ತದೆ ಅನ್ನುವ ಅರ್ಥದಲ್ಲಿ ಒಂದು ಕಾಗದ ಬರೆದು ಕೊಟ್ಟರು, ಅಷ್ಟೇ. ನಾನೂ ಒಬ್ಬ ಮಗನ ತಾಯಿ, ಅದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಶನಿವಾರಸಂತೆ ಹುಡುಗಿ: ಅಕ್ಕ, ಕಥೆ ಅಲ್ಲಿಗೆ ನಿಲ್ಲಲಿಲ್ಲ. 1916ರಲ್ಲಿ ತಾಯಿ ಬಂದು ಮಗನ ಜೊತೆಗೇ ಉಳಿದರು, ಅಲ್ಲಿನ ಬೆಟ್ಟದ ಮೇಲೆ ರಮಣರು ಆಗ ಇದ್ದ ಸ್ಕಂದಾಶ್ರಮದಲ್ಲಿ ಎಲ್ಲರಿಗೂ ಅಡುಗೆ ಮಾಡಿದರು. 1922ರ ಮೇ 19ರಂದು ಅವರು ತೀರಿಕೊಳ್ಳುವಾಗ ರಮಣರು ಒಂದು ಕೈ ಎದೆ ಮೇಲೆ, ಒಂದು ಕೈ ತಲೆ ಮೇಲೆ ಇಟ್ಟು ಕೂತೇ ಇದ್ದರು. ಈಗಿನ ಆಶ್ರಮ ಬೆಳೆದದ್ದೇ ಆ ತಾಯಿಯ ಸಮಾಧಿ ಸುತ್ತ.

ನಾಪೋಕ್ಲು ಅಕ್ಕ: ನಡುವೆ ಹೋದ 20 ವರ್ಷ ಸಣ್ಣದಲ್ಲ ಕಣಮ್ಮಾ. ಅವರ ಬಗ್ಗೆ ಭಕ್ತಿ ಇದ್ದೇ ಇದು ಹೇಳುತ್ತಿದ್ದೇನೆ.

ಗೋಣಿಕೊಪ್ಪ ಮೇಷ್ಟ್ರು: ತೋಟದವರೇ, ನಿಮ್ಮ ತಮ್ಮನಿಗೆ ಇದು ಹೇಳಿ. ಮನೆ ಬಿಡಲಾ ಅಂತ ಕೇಳಿದವರಿಗೆ ರಮಣರು ಬಿಡು ಅನ್ನುತ್ತಿರಲಿಲ್ಲ. ನಾನು ಸಂಸಾರಿ ಅನ್ನುವ ಯೋಚನೆ ಹೋಗಿ ನಾನು ಸನ್ಯಾಸಿ ಅನ್ನುವ ಯೋಚನೆ ಬರುತ್ತದೆ, ಮನಸ್ಸು ಮಾತ್ರ ಜೊತೆಗೇ ಬರುತ್ತದೆ ಅನ್ನುತ್ತಿದ್ದರು. ಅವರೇ ವರ್ಷಗಟ್ಟಲೆ ಬೆಳಕು ಹರಿಯುವ ಮುಂಚೆ ಆಶ್ರಮದ ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚಿದವರು.

ಶನಿವಾರಸಂತೆ ಹುಡುಗಿ: ಹೌದು ಸರ್. ಮೊನ್ನೆ ಕಣದಲ್ಲಿ ಕಾಫಿ ಹರವಿದ್ದಾಗ ಮಳೆ ಬಂತು, ಅಪ್ಪನ ಮೇಲೆ ಕೂಗಾಡಿದೆ. ಟಾರ್ಪಾಲ್ ಎಳೆಯುತ್ತಾ, ರಮಣರ ನಾನು ಯಾರು ಅನ್ನುವ ಪ್ರಶ್ನೆಯ ಹಾಗೆ, ಈ ಸಿಟ್ಟು ಬಂದದ್ದು ಯಾರಿಗೆ ಅಂತ ಕೇಳಿಕೊಂಡೆ. ಒಂದು ಕ್ಷಣ ಎಲ್ಲ ತಣ್ಣಗಾಯಿತು, ನಿಜವಾಗಿ.

ಸುಂಟಿಕೊಪ್ಪದ ತೋಟದವ: ಎಲ್ಲವನ್ನೂ ಅವನಿಗೆ ಓದಿ ಹೇಳಿದೆ. ಆ 2 ರೂಪಾಯಿ ವಿಷಯ ಅವನಿಗೆ ಗೊತ್ತಿರಲಿಲ್ಲ, ತುಂಬಾ ಹೊತ್ತು ಸುಮ್ನೆ ಕೂತಿದ್ದ. ಕುಯ್ಲು ಮುಗಿಯುವವರೆಗೆ ಇರುತ್ತೇನೆ ಅಂದಿದ್ದಾನೆ. ಮುಂದಿನದು ಕಾಫಿ ಹೂ ಅರಳಿಸುವ ಹೂಮಳೆ ಆದಮೇಲೆ ಅಮ್ಮನ ಎದುರು ಕೂತು ಮಾತಾಡುತ್ತೇವೆ.