ಹೋಂಡಾ ಸಿಆರ್‌-ವಿ: ಹಳೆಯ ಮೂರನೇ, ನಾಲ್ಕನೇ, ಐದನೇ ತಲೆಮಾರು ಅಥವಾ ಹೊಸ ಆರನೆಯದು — ಯಾವುದು ಸರಿ?

ಪ್ರಶ್ನೆ — ನಾಲ್ಕುಸೀಟು

ಮನೆಯಲ್ಲಿ ನಾಲ್ಕು ಜನ. ದಿನದ ಓಡಾಟ ಹೆಚ್ಚಾಗಿ ಆರೆಂಟು ಕಿಲೋಮೀಟರ್, ತಿಂಗಳಿಗೊಮ್ಮೆ ಹೈವೇ ಪ್ರಯಾಣ. ಗಾಡಿಯನ್ನು ಕಡಿಮೆಯೆಂದರೂ ಎಂಟು ವರ್ಷ ಇಟ್ಟುಕೊಳ್ಳಬೇಕು. ಸಿಆರ್‌-ವಿ ಅಂತ ತೀರ್ಮಾನ ಆಗಿದೆ, ತಲೆಮಾರು ಮಾತ್ರ ತೀರ್ಮಾನ ಆಗಿಲ್ಲ. 2010ರಿಂದ 2019ರವರೆಗಿನ ಹಳೆಯ ಗಾಡಿಗಳನ್ನೂ ಹೊಸ ಹೈಬ್ರಿಡ್ಡನ್ನೂ ಒಟ್ಟಿಗೇ ನೋಡುತ್ತಿದ್ದೇನೆ. ಯಾವ ವರ್ಷದ್ದು ಬೇಡ, ಯಾವುದರಲ್ಲಿ ಏನು ನೋಡಬೇಕು, ತಿಳಿದವರು ವಿವರವಾಗಿ ಹೇಳಿ.

ಉತ್ತರ 1 — ಟಾರ್ಕ್‌ರೆಂಚ್

ಮೊದಲು ತಲೆಮಾರಿನ ಲೆಕ್ಕ ಬಿಡಿ ಸರ್. ಸಿಆರ್‌-ವಿಯಲ್ಲಿ ಹೊರಗಿನ ಆಕಾರ ಬದಲಾದ ವರ್ಷ ಬೇರೆ, ಇಂಜಿನ್-ಗೇರ್‌ಬಾಕ್ಸ್ ಜೋಡಿ ಬದಲಾದ ವರ್ಷ ಬೇರೆ. ನಿಮ್ಮ ಎಂಟು ವರ್ಷ ಹೇಗೆ ಕಳೆಯುತ್ತವೆ ಅನ್ನೋದು ಆ ಜೋಡಿಯ ಮೇಲೆ ನಿಂತಿದೆ. ಕೆಳಗೆ ಕೊಡುವ ವರ್ಷಗಳು ಅಮೆರಿಕ ಮಾರುಕಟ್ಟೆಯ ಮಾಡೆಲ್ ವರ್ಷಗಳು. ಬೇರೆ ದೇಶಗಳಲ್ಲಿ 2.0 ಪೆಟ್ರೋಲ್, ಡೀಸೆಲ್ ಕೂಡ ಬಂದಿವೆ, ಹಾಗಾಗಿ ಬಾನೆಟ್ ಎತ್ತಿ ಇಂಜಿನ್ ಕೋಡ್ ಓದಿಯೇ ಮುಂದಿನ ಮಾತು.

2007ರಿಂದ 2009 (ಮೂರನೇ ತಲೆಮಾರು): 2.4 ಲೀಟರ್ ಕೆ24 ಇಂಜಿನ್, 166 ಅಶ್ವಶಕ್ತಿ, ಐದು ಗೇರಿನ ಆಟೋಮ್ಯಾಟಿಕ್. 2010ರಲ್ಲಿ ಅದೇ ಆಕಾರದೊಳಗೆ ಶಕ್ತಿ 180ಕ್ಕೆ ಏರಿತು. 2012ರಿಂದ 2014 (ನಾಲ್ಕನೇ ತಲೆಮಾರು): ಆಕಾರ ಹೊಸದು, 185 ಅಶ್ವಶಕ್ತಿ, ಗೇರ್‌ಬಾಕ್ಸ್ ಮಾತ್ರ ಐದು ಗೇರಿನದೇ. 2015ರಲ್ಲಿ ಆಕಾರ ಹೆಚ್ಚೇನೂ ಬದಲಾಗಲಿಲ್ಲ, ಆದರೆ ಒಳಗೆ ಎಲ್ಲವೂ ಬದಲಾಯಿತು: ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ) 2.4 ಮತ್ತು ಸಿವಿಟಿ (ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೋಮ್ಯಾಟಿಕ್). ಜನ ಎಡವುವುದು ಇಲ್ಲಿಯೇ. 2014 ಮತ್ತು 2015 ಅಕ್ಕಪಕ್ಕ ನಿಂತರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಯಂತ್ರದ ಲೆಕ್ಕದಲ್ಲಿ ಸಂಬಂಧವೇ ಇಲ್ಲ. ಉತ್ತರ ಅಮೆರಿಕಕ್ಕೆ ತಯಾರಾದ ಗಾಡಿಯಾದರೆ ಚಾಸಿ ನಂಬರಿನ ಹತ್ತನೇ ಅಕ್ಷರ ನೋಡಿ: ಇ ಇದ್ದರೆ 2014, ಎಫ್ ಇದ್ದರೆ 2015.

2017ರಿಂದ ಐದನೇ ತಲೆಮಾರು. 1.5 ಟರ್ಬೊ, 190 ಅಶ್ವಶಕ್ತಿ, ಸಿವಿಟಿ. ಕೆಳಗಿನ ಎಲ್‌ಎಕ್ಸ್ ಟ್ರಿಮ್‌ನಲ್ಲಿ ಮಾತ್ರ 2019ರವರೆಗೆ ಟರ್ಬೊ ಇಲ್ಲದ 2.4 ಉಳಿದಿತ್ತು. 2020ರಲ್ಲಿ ಹೈಬ್ರಿಡ್ ಸೇರಿತು, 2023ರಲ್ಲಿ ಆರನೇ ತಲೆಮಾರು.

ನಿಮ್ಮ ಆರೆಂಟು ಕಿಲೋಮೀಟರ್ ಓಡಾಟಕ್ಕೆ ಹಳೆಯದರಲ್ಲಿ 2012ರಿಂದ 2014 ನನ್ನ ಮೊದಲ ಆಯ್ಕೆ. ಪೋರ್ಟ್ ಇಂಜೆಕ್ಷನ್ (ಪೆಟ್ರೋಲ್ ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ ಸಿಂಪಡಿಸುವುದು), ಟೈಮಿಂಗ್ ಚೈನ್, ಸರಳ ಗೇರ್‌ಬಾಕ್ಸ್. ಮೊದಲ ಎರಡು ವರ್ಷದ 1.5 ಟರ್ಬೊ ಇಂಥ ಓಡಾಟಕ್ಕೆ, ಅದರಲ್ಲೂ ಚಳಿ ಹೆಚ್ಚಿರುವ ಕಡೆ, ಹೊಂದುವ ಗಾಡಿಯಲ್ಲ.

ಉತ್ತರ 2 — ಜಾಕ್‌ಸ್ಟ್ಯಾಂಡ್

ಮೇಲಿನದಕ್ಕೆ ಒಪ್ಪಿಗೆ. ನೋಡಲು ಹೋದಾಗ ಮಾಡಬೇಕಾದದ್ದನ್ನು ನಾನು ಹೇಳುತ್ತೇನೆ.

ಮಾರುವವರಿಗೆ ಮುಂಚೆಯೇ ಹೇಳಿ: ಗಾಡಿ ರಾತ್ರಿಯಿಡೀ ನಿಂತಿರಬೇಕು, ನಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವತ್ತಿನ ಪರೀಕ್ಷೆ ಅರ್ಧಕ್ಕರ್ಧ ವ್ಯರ್ಥ, ಇನ್ನೊಂದು ದಿನ ಬರುತ್ತೇವೆ ಅನ್ನಿ. ಯಾಕೆಂದರೆ 2012ರಿಂದ 2014ರ 2.4ರಲ್ಲಿ ಎಲ್ಲರಿಗೂ ಗೊತ್ತಿರುವ ದೋಷ ವಿಟಿಸಿ ಆಕ್ಚುಯೇಟರಿನದು, ಅಂದರೆ ಇನ್‌ಟೇಕ್ ಕ್ಯಾಮ್‌ಶಾಫ್ಟ್ ತುದಿಯ ಹಲ್ಲುಗಾಲಿ. ಅದರೊಳಗಿನ ಲಾಕ್ ಪಿನ್ ಸರಿಯಾಗಿ ಕೂರದಿದ್ದರೆ, ಆಯಿಲ್ ಒತ್ತಡ ಏರುವವರೆಗೆ ಒಂದೆರಡು ಸೆಕೆಂಡು ಗರಗರ ಸದ್ದು ಬರುತ್ತದೆ. ಹಲವು ಗಂಟೆ ನಿಂತ ಇಂಜಿನ್ನಿನಲ್ಲಿ ಮಾತ್ರ, ಅದೂ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ. ಎರಡನೇ ಸಲ ಕೀ ತಿರುಗಿಸಿದರೆ ಕೇಳಿಸದು. ಹೋಂಡಾ ಇದಕ್ಕೆ ತಿದ್ದಿದ ಭಾಗ ತಂದಿತು. ಸದ್ದು ಇದ್ದರೆ ಗಾಡಿ ಬಿಟ್ಟೇ ಬರಬೇಕೆಂದಿಲ್ಲ, ಆದರೆ ಭಾಗ ಮತ್ತು ಕೂಲಿ ಎರಡನ್ನೂ ಬೆಲೆಯಲ್ಲಿ ಕಳೆಯಿರಿ. ಬಿಚ್ಚಿದಾಗ ಚೈನ್, ಟೆನ್ಷನರ್ ನೋಡಿಸದೆ ಮುಚ್ಚಿಸಬೇಡಿ. ಸ್ಕ್ಯಾನರ್‌ನಲ್ಲಿ ಪಿ0341 ಅನ್ನುವ ದೋಷದ ಕೋಡ್ ಇದ್ದರೆ ಚೈನ್ ಉದ್ದವಾಗಿರಬಹುದು ಅಂತ ಅನುಮಾನಿಸಿ.

ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಇಲ್ಲ ಅಂತ ಸಮಾಧಾನ ಪಡಬೇಡಿ. ಗಾಡಿ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಅಂತ ತೋರಿಸುವ ರೆಡಿನೆಸ್ ಮಾನಿಟರ್‌ಗಳನ್ನೂ, ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದನ್ನೂ ನೋಡಿ. ಮಾನಿಟರ್‌ಗಳು ಅಪೂರ್ಣ, ಓಡಿದ್ದು ಹತ್ತಿಪ್ಪತ್ತು ಕಿಲೋಮೀಟರ್ ಅಂತಿದ್ದರೆ ಯಾರೋ ನಿನ್ನೆ ಮೊನ್ನೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಕಾರಣ ಕೇಳಿ.

ಮೂರನೇ ಮತ್ತು ನಾಲ್ಕನೇ ತಲೆಮಾರಿನಲ್ಲಿ ಮುಂದಿನ ಲೋವರ್ ಆರ್ಮ್‌ನ ಹಿಂಬದಿ ಬುಷ್ (ಚಕ್ರ ಹಿಡಿದ ಕೆಳಗಿನ ತೋಳಿನ ರಬ್ಬರ್ ಕೀಲು) ಸೀಳುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಚಕ್ರದ ಹಿಂದಿನಿಂದ ಟಾರ್ಚ್ ಬಿಡಿ. ರಬ್ಬರ್ ಮೇಲೆ ಸಣ್ಣ ಗೀರು ಬೇರೆ, ಮಧ್ಯದ ಲೋಹದ ತೋಳಿನಿಂದ ರಬ್ಬರ್ ಬಿಟ್ಟುಕೊಂಡಿರುವುದು ಬೇರೆ. ಬಿಟ್ಟುಕೊಂಡಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಸ್ವಲ್ಪ ಅಲೆಯುತ್ತದೆ, ಟೈರಿನ ಒಳ ಅಂಚು ಬೇಗ ಸವೆಯುತ್ತದೆ.

ಇನ್ನೊಂದು: ಕೆ24ರಲ್ಲಿ ವಾಲ್ವ್ ಸಂದನ್ನು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ವಾಲ್ವ್ ಸಂದನ್ನು ಸ್ಕ್ರೂನಿಂದ ಹೊಂದಿಸಬೇಕು. ಸಣ್ಣಗೆ ಟಿಕ್ ಟಿಕ್ ಅನ್ನುವ ಇಂಜಿನ್ ನೋಡಿ ಹೆದರಬೇಡಿ. ತುಂಬಾ ಓಡಿಯೂ ಒಂದಿಷ್ಟೂ ಸದ್ದಿಲ್ಲದ, ಐಡಲ್‌ನಲ್ಲಿ ಆಗಾಗ ತಡವರಿಸುವ ಇಂಜಿನ್ ಹೆಚ್ಚು ಅನುಮಾನದ್ದು. ಎಕ್ಸಾಸ್ಟ್ ವಾಲ್ವ್ ಬಿಗಿಯಾದರೆ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಬಿಸಿ ಸೀಟಿಗೆ ಇಳಿಯದೆ ಅಂಚು ಸುಡುತ್ತದೆ. ಸಂದು ಅಳೆಯುವಾಗ ಇಂಜಿನ್ 38 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು.

ಎರಡನೇ ಮತ್ತು ಮೂರನೇ ತಲೆಮಾರಿನಲ್ಲಿ ಟಕಾಟಾ ಏರ್‌ಬ್ಯಾಗ್ ಇನ್‌ಫ್ಲೇಟರ್ (ಉಬ್ಬಿಸುವ ಭಾಗ) ರೀಕಾಲ್ ಇದೆ, ಅಂದರೆ ದೋಷದ ಭಾಗ ಬದಲಿಸಲು ಕಂಪನಿಯೇ ಗಾಡಿಗಳನ್ನು ಕರೆಸುವುದು. ಚಾಸಿ ನಂಬರ್ ಹಾಕಿ ನೋಡಿ. ಬಾಕಿ ಇದ್ದರೆ ಅದು ಬದಲಾಗುವವರೆಗೆ ಆ ಗಾಡಿಯನ್ನು ಮನೆಯವರಿಗೆ ಓಡಿಸಲು ಕೊಡಬೇಡಿ. ಹಳೆಯದಾದ, ಸೆಕೆ ಮತ್ತು ತೇವ ಕಂಡ ಇನ್‌ಫ್ಲೇಟರ್ ಒಡೆದು ಲೋಹದ ಚೂರು ಎರಚುತ್ತದೆ, ಅದರಿಂದ ಜನ ಸತ್ತಿದ್ದಾರೆ.

ನಾಲ್ಕುಸೀಟು

ಇಬ್ಬರಿಗೂ ಧನ್ಯವಾದ. ಈಗ ಎರಡು ಗಾಡಿ ಕಣ್ಣಮುಂದಿವೆ. 2015ರದ್ದು ಡಿ ಗೇರಿನಲ್ಲಿ ಬ್ರೇಕ್ ಹಿಡಿದು ನಿಂತರೆ ಸೀಟು ನಡುಗುತ್ತದೆ. 2018ರ 1.5 ಟರ್ಬೊದಲ್ಲಿ ಡಿಪ್‌ಸ್ಟಿಕ್ ಮೇಲಿನ ಗುರುತಿಗಿಂತ ಆಯಿಲ್ ಒಂದು ಸೆಂಟಿಮೀಟರ್ ಮೇಲಿದೆ. ಸರ್ವಿಸ್‌ನಲ್ಲಿ ಜಾಸ್ತಿ ಹಾಕಿರಬೇಕು ಅಂತಾರೆ ಮಾರುವವರು.

ಉತ್ತರ 3 — ಟಾರ್ಕ್‌ರೆಂಚ್

2015ರ ನಡುಕಕ್ಕೆ ಹೋಂಡಾ ಸರ್ವಿಸ್ ಬುಲೆಟಿನ್ (ಡೀಲರ್ ವರ್ಕ್‌ಶಾಪಿಗೆ ರಿಪೇರಿ ಸೂಚನೆ) ಹೊರಡಿಸಿದೆ. ಮೊದಲು ಬೇರ್ಪಡಿಸಿ ನೋಡಿ. ಇಂಜಿನ್ ಪೂರ್ತಿ ಬಿಸಿಯಾಗಲಿ, ಎಸಿ ಹಾಕಿ, ಬ್ರೇಕ್ ಒತ್ತಿ ಡಿಯಲ್ಲಿ ಒಂದು ನಿಮಿಷ, ಆಮೇಲೆ ಎನ್‌ನಲ್ಲಿ ಒಂದು ನಿಮಿಷ. ಎನ್‌ಗೆ ಹಾಕಿದೊಡನೆ ನಡುಕ ಮಾಯವಾದರೆ ಅದು ಕಡಿಮೆ ಆರ್‌ಪಿಎಂನಲ್ಲಿ ಭಾರ ಹೊತ್ತ ಇಂಜಿನ್ನಿನ ಕಂಪನ ಬಾಡಿಗೆ ದಾಟುತ್ತಿರುವುದು. ಇಂಜಿನ್ ಕೆಡಿಸುವ ರೋಗವಲ್ಲ, ಆದರೆ ಪೂರ್ತಿ ಹೋಗುತ್ತದೆ ಅಂತ ನಂಬಿ ಕೊಳ್ಳಬೇಡಿ. ಎನ್‌ನಲ್ಲೂ ನಡುಗಿದರೆ ಮೌಂಟ್ ಹರಿದಿರಬಹುದು, ಅಥವಾ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಮಿಸ್‌ಫೈರ್ ಎಣಿಕೆ ನೋಡಿ. ಸಿವಿಟಿಯನ್ನು ನಿಧಾನವಾಗಿ, ಕಾಲಿನ ತುದಿಯಲ್ಲಿ ಆಕ್ಸಿಲರೇಟರ್ ಒತ್ತಿ ಸೊನ್ನೆಯಿಂದ ಅರವತ್ತಕ್ಕೆ ಒಯ್ಯಿರಿ. ಜೋರಾಗಿ ಒತ್ತಿದರೆ ದೋಷ ಅಡಗುತ್ತದೆ. ನಡುವೆ ಜರ್ಕ್ ಬಂದರೆ, ವೇಗ ಒಂದೇ ಇದ್ದು ಆರ್‌ಪಿಎಂ ಮಾತ್ರ ಏರಿಳಿದರೆ, ಅಥವಾ ವೇಗದ ಜೊತೆಗೇ ಏರುವ ಕೀರಲು ಸದ್ದಿದ್ದರೆ ಬಿಟ್ಟುಬಿಡಿ.

2018ರದ್ದೇ ನಿಜವಾಗಿ ಯೋಚಿಸಬೇಕಾದದ್ದು. ಜಾಸ್ತಿ ಹಾಕಿರಲೂಬಹುದು. ಆದರೆ ಈ ಇಂಜಿನ್ನಿನಲ್ಲಿ ಮೊದಲು ಪೆಟ್ರೋಲನ್ನು ಅನುಮಾನಿಸಬೇಕು. ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವುದರಿಂದ, ತಣ್ಣನೆಯ ಗೋಡೆಗೆ ತಗುಲಿದ ಭಾಗ ಆವಿಯಾಗದೆ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಉದ್ದದ ಪ್ರಯಾಣದಲ್ಲಿ ಆಯಿಲ್ ಕಾದು ಆ ಪೆಟ್ರೋಲ್ ಆವಿಯಾಗಿ ಮರಳಿ ಇನ್‌ಟೇಕ್ ಸೇರುತ್ತದೆ. ಆರು ಕಿಲೋಮೀಟರಿಗೆ ನಿಲ್ಲಿಸಿದರೆ ಅದು ಅಲ್ಲೇ ಉಳಿಯುತ್ತದೆ, ಮರುದಿನ ಇನ್ನಷ್ಟು ಸೇರುತ್ತದೆ. ಈ ಇಂಜಿನ್ ಹಿಡಿಸುವ ಆಯಿಲ್ ಸುಮಾರು ಮೂರೂವರೆ ಲೀಟರ್ ಅಷ್ಟೇ, ಹಳೆಯ 2.4ರಲ್ಲಿ ನಾಲ್ಕು ಲೀಟರಿಗೂ ಮೇಲೆ. ಇದಕ್ಕೆ ಹಾಕುವ 0ಡಬ್ಲ್ಯೂ-20 ಆಯಿಲ್ ಮೊದಲೇ ತೆಳು, ಅದಕ್ಕೆ ಪೆಟ್ರೋಲ್ ಬೆರೆತರೆ ಬೇರಿಂಗ್ ಮೇಲಿನ ಪದರ ಇನ್ನೂ ತೆಳು. ಹೋಂಡಾ ಇದಕ್ಕೆ ಬೇಗ ಬಿಸಿಯಾಗುವಂತೆ ಸಾಫ್ಟ್‌ವೇರ್ ತಿದ್ದಿತು, ಅಮೆರಿಕದಲ್ಲಿ 2017 ಮತ್ತು 2018ರ ಗಾಡಿಗಳ ವಾರಂಟಿಯನ್ನೂ ವಿಸ್ತರಿಸಿತು.

ಪರೀಕ್ಷೆ ಹೀಗೆ: ಸಮ ನೆಲ, ಇಂಜಿನ್ ನಿಲ್ಲಿಸಿ ಐದು ನಿಮಿಷ, ಡಿಪ್‌ಸ್ಟಿಕ್ ಒರೆಸಿ ಮತ್ತೆ ಅದ್ದಿ ಮಟ್ಟ ನೋಡಿ, ಮೂಸಿ. ವಾಸನೆ ಘಾಟಾಗಿದ್ದರೆ ಇಷ್ಟಕ್ಕೇ ತಿಳಿಯುತ್ತದೆ. ಅನುಮಾನ ಉಳಿದರೆ ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಿ, ಪೆಟ್ರೋಲಿನ ಪ್ರಮಾಣ ಮತ್ತು ಸ್ನಿಗ್ಧತೆ ಎರಡನ್ನೂ ಕೇಳಿ. ಮಾರುವವರು ಹಿಂದಿನ ದಿನ ಹೈವೇಯಲ್ಲಿ ಓಡಿಸಿ ತಂದಿದ್ದರೆ ಪೆಟ್ರೋಲ್ ಹಾರಿಹೋಗಿ ಮಟ್ಟ ಸರಿಯಾಗಿಯೇ ಕಾಣಬಹುದು, ಇದು ನೆನಪಿರಲಿ.

ಅದೇ ಇಂಜಿನ್ನಿನಲ್ಲಿ ಕೂಲೆಂಟ್ ಕಡಿಮೆಯಾಗುವುದು, ಹೆಡ್ ಗ್ಯಾಸ್ಕೆಟ್ ಸೋರುವುದು ಕೂಡ ಕೇಳಿಬಂದಿರುವ ದೂರು. ತಣ್ಣಗಿರುವಾಗ ರಿಸರ್ವ್ ಡಬ್ಬಿಯ ಮಟ್ಟ, ರೇಡಿಯೇಟರ್ ಕ್ಯಾಪ್ ಕೆಳಗಿನ ಮಟ್ಟ ಎರಡೂ ನೋಡಿ. ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಬಿಗಿದರೆ ಸಿಲಿಂಡರಿನ ಅನಿಲ ಕೂಲೆಂಟಿಗೆ ಹೋಗುತ್ತಿದೆ. ಬಣ್ಣ ಬದಲಾಗುವ ದ್ರವದ ಬ್ಲಾಕ್ ಟೆಸ್ಟರ್ ಇಟ್ಟರೆ ಹತ್ತು ನಿಮಿಷದಲ್ಲಿ ಖಚಿತ.

ಉತ್ತರ 4 — ನಿಧಾನಬ್ರೇಕ್

ಹೊಸದರ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ: ಈ ಓಡಾಟಕ್ಕೆ, ಎಂಟು ವರ್ಷಕ್ಕೆ, ಹೈಬ್ರಿಡ್ಡೇ ಸರಿಹೊಂದುವುದು. ಅದು ಬೇಡವೆಂದರೆ 2012-2014.

ಈ ಹೈಬ್ರಿಡ್ಡಿನಲ್ಲಿ ಬೆಲ್ಟಿನ ಸಿವಿಟಿಯೇ ಇಲ್ಲ. ಎರಡು ಮೋಟಾರು: ಒಂದು ಕರೆಂಟ್ ಹುಟ್ಟಿಸುತ್ತದೆ, ಇನ್ನೊಂದು ಚಕ್ರ ತಿರುಗಿಸುತ್ತದೆ. ಊರೊಳಗಿನ ವೇಗದಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನೇರ ಕೊಂಡಿಯಿಲ್ಲ, ಹೈವೇಯಲ್ಲಿ ಮಾತ್ರ ಕ್ಲಚ್ ಹಿಡಿದು ಇಂಜಿನ್ ನೇರವಾಗಿ ಎಳೆಯುತ್ತದೆ. ಸವೆಯುವ ಭಾಗ ಕಡಿಮೆ. ಇಂಜಿನ್ 2.0 ಲೀಟರ್, ಟರ್ಬೊ ಇಲ್ಲ. ಹಳೆಯ ಹೈಬ್ರಿಡ್ ಸಿಕ್ಕರೆ 2020ರಿಂದ 2022ರದ್ದು ಪೋರ್ಟ್ ಇಂಜೆಕ್ಷನ್, 2023ರಿಂದ ಡೈರೆಕ್ಟ್ ಇಂಜೆಕ್ಷನ್. ತೀರಾ ಹೊಸದಕ್ಕಿಂತ 2021-2022ರ ಹೈಬ್ರಿಡ್ ನನಗೆ ಹೆಚ್ಚು ಮೆಚ್ಚುಗೆ.

ಹೊಸದು ಅಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಎರಡು ರೀಕಾಲ್ ಬಂದವು, 2023ರಿಂದ 2025ರ ಸಿಆರ್‌-ವಿ ಎರಡರಲ್ಲೂ ಇದೆ. ಒಂದು ಸ್ಟಿಯರಿಂಗ್ ಗೇರ್‌ಬಾಕ್ಸ್ ಬಗ್ಗೆ. ನೇರ ರಸ್ತೆಯಲ್ಲಿ ಸಣ್ಣಗೆ ತಿದ್ದುವಾಗ ಸ್ಟಿಯರಿಂಗ್ ಅಂಟಿದಂತಾಗಿ ಆಮೇಲೆ ಥಟ್ಟನೆ ಬಿಡುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಹೈವೇ ವೇಗದಲ್ಲಿ ಎರಡು ಬೆರಳಲ್ಲಿ ಹಿಡಿದು ಒಂದೆರಡು ಡಿಗ್ರಿ ಅತ್ತಿತ್ತ ಮಾಡಿದರೆ ಗೊತ್ತಾಗುತ್ತದೆ. ಇನ್ನೊಂದು ಹೈಬ್ರಿಡ್ಡಿನ ಅಧಿಕ ಒತ್ತಡದ ಪೆಟ್ರೋಲ್ ಪಂಪ್ ಬಗ್ಗೆ, ಅದರಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಸೋರುತ್ತದೆ. ಐದನೇ ತಲೆಮಾರಿನವರು 2023ರ ಮಾರ್ಚ್‌ನ ಮುಂದಿನ ಸೀಟ್‌ಬೆಲ್ಟ್ ಬಕಲ್ ರೀಕಾಲ್ ನೋಡಿಕೊಳ್ಳಿ, ಅದು 2017ರಿಂದ 2020ರ ಗಾಡಿಗಳಿಗೆ.

ಅಮೆರಿಕದ ಹೈಬ್ರಿಡ್‌ನಲ್ಲಿ ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಟೈರಿನ ಪಕ್ಕ ಹರಿದರೆ ಕಿಟ್ ಕೆಲಸಕ್ಕೆ ಬಾರದು. ಹೈವೇಗೆ ಹೋಗುವವರು ಇದನ್ನು ಕೊಳ್ಳುವ ಮುಂಚೆ ಯೋಚಿಸಿ. ಹಳೆಯ ಹೈಬ್ರಿಡ್ ನೋಡುವಾಗ ಬ್ರೇಕ್ ಡಿಸ್ಕ್‌ಗಳನ್ನೂ ನೋಡಿ. ನಿಧಾನಿಸುವ ಕೆಲಸ ಹೆಚ್ಚಾಗಿ ಮೋಟಾರ್ ಮಾಡುವುದರಿಂದ ಪ್ಯಾಡ್ ಸವೆಯುವುದಿಲ್ಲ, ಆದರೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಪಿನ್ ಬಿಗಿಯುತ್ತದೆ.

ನಾಲ್ಕುಸೀಟು

2018ರದ್ದು ಕೈಬಿಟ್ಟೆ. ಫೋರ್ ವೀಲ್ ಡ್ರೈವ್ ಇರುವ 2013ರದ್ದೊಂದು ನೋಡಿದೆ. ಕೋಲ್ಡ್ ಸ್ಟಾರ್ಟ್ ಸ್ವಚ್ಛ. ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೋದರೆ ಹಿಂದಿನಿಂದ ಗುರ್ರ್ ಅನ್ನುತ್ತದೆ.

ಉತ್ತರ 5 — ಜಾಕ್‌ಸ್ಟ್ಯಾಂಡ್

ಅದು ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಭಾಗ. ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳಿವೆ, ಎಣ್ಣೆ ಹಳೆಯದಾದರೆ ಅವು ಜಾರುವ ಬದಲು ಹಿಡಿದು ಬಿಡುತ್ತವೆ. ಹೆಚ್ಚಿನ ಗಾಡಿಗಳಲ್ಲಿ ಎಣ್ಣೆ ಬದಲಿಸಿದರೆ ಸದ್ದು ಹೋಗುತ್ತದೆ.

ಬೇಕಾದದ್ದು ಹೋಂಡಾ ಡ್ಯುಯಲ್ ಪಂಪ್ ಎಣ್ಣೆ, ಒಂದರಿಂದ ಒಂದೂಕಾಲು ಲೀಟರ್. 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿದರೆ ಪ್ಲೇಟುಗಳು ಹಾಳಾಗುತ್ತವೆ. ಗಾಡಿ ಸಮತಟ್ಟಾಗಿರಲಿ. ಎರಡೂ ಪ್ಲಗ್‌ಗೆ 3/8 ಇಂಚಿನ ಚೌಕ ತುದಿ ಸಾಕು, ಸಾಕೆಟ್ ಬೇಡ. ಮೇಲಿನ ಪ್ಲಗ್ ಮೊದಲು ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆ ಬಸಿದ ಮೇಲೆ ಮೇಲಿನದು ಬಿಗಿದು ಕೂತಿದೆ ಅಂತ ಗೊತ್ತಾದರೆ ತುಂಬಿಸಲು ದಾರಿಯೇ ಇರುವುದಿಲ್ಲ. ಬಸಿದು, ಹೊಸ ವಾಷರ್ ಹಾಕಿ ಕೆಳಗಿನದು ಮುಚ್ಚಿ, ಮೇಲಿನ ತೂತಿನಿಂದ ಎಣ್ಣೆ ಹೊರಗೆ ಒಸರುವವರೆಗೆ ತುಂಬಿಸಿ. ಆಮೇಲೆ ಖಾಲಿ ಜಾಗದಲ್ಲಿ ಎರಡೂ ಕಡೆಗೆ ಏಳೆಂಟು ಸುತ್ತು ನಿಧಾನವಾಗಿ ಹೊಡೆಯಿರಿ. ಇನ್ನೂ ಸಣ್ಣಗೆ ಉಳಿದರೆ ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ಎರಡನೇ ಸಲಕ್ಕೂ ಹೋಗದಿದ್ದರೆ, ಅಥವಾ ಬಸಿದ ಎಣ್ಣೆಯಲ್ಲಿ ಚೂರು ಕಂಡರೆ, ಪ್ಲೇಟುಗಳೇ ಹೋಗಿವೆ.

ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಸವೆತ ಇದೆಯೇ ನೋಡಿ. ಹಿಂದೆ ಹೊಸದು, ಮುಂದೆ ಬೋಳು ಇದ್ದರೆ ಆ ಪ್ಲೇಟುಗಳಿಗೆ ಬಿಡುವೇ ಇರುವುದಿಲ್ಲ. ಗೇರ್‌ಬಾಕ್ಸ್ ಎಣ್ಣೆಯನ್ನೂ ಅದೇ ದಿನ ಬದಲಿಸಿ, ಹೋಂಡಾದ ಡಿಡಬ್ಲ್ಯೂ-1 ಎಣ್ಣೆಯೇ ಹಾಕಿ. ಒಮ್ಮೆ ಬಸಿದರೆ ಬರುವುದು ಸುಮಾರು ಎರಡೂವರೆ ಲೀಟರ್, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತದೆ. ನಡುನಡುವೆ ಓಡಿಸುತ್ತಾ ಮೂರು ಸಲ ಮಾಡಿದರೆ ಮುಕ್ಕಾಲು ಪಾಲು ಹೊಸದಾಗುತ್ತದೆ. ಒತ್ತಡ ಹಾಕಿ ತೊಳೆಯುವ ಯಂತ್ರಕ್ಕೆ ಕೊಡಬೇಡಿ.

ಮಾರುವವರು ಒಪ್ಪಿದರೆ ಡಿಫರೆನ್ಷಿಯಲ್ ಎಣ್ಣೆಯನ್ನು ಕೊಳ್ಳುವ ಮುಂಚೆಯೇ ನಿಮ್ಮ ಖರ್ಚಿನಲ್ಲಿ ಬದಲಿಸಿ, ಸುತ್ತು ಹೊಡೆದು ನೋಡಿ, ಆಮೇಲೆ ಹಣದ ಮಾತಾಡಿ.