ಒಂದೇ ಪುಟದಲ್ಲಿ ಒಂಬತ್ತು ಸಲ ‘ತೆಗೆ’: ಬದಲಿಗೆ ಯಾವ ಪದ ಬಳಸಲಿ?

ಪ್ರಶ್ನೆ:
ಅಜ್ಜಿಯ ಮನೆಯ ಅವರೆಕಾಯಿ ಕಾಲದ ಬಗ್ಗೆ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಕರಡನ್ನು ಓದಿದ ಗೆಳೆಯರೊಬ್ಬರು ಒಂದೇ ಪುಟದಲ್ಲಿ ‘ತೆಗೆ’ ಎಂಬ ಕ್ರಿಯಾಪದ ಒಂಬತ್ತು ಸಲ ಬಂದಿರುವುದನ್ನು ಗುರುತು ಹಾಕಿ ಕೊಟ್ಟರು: ಬಾಗಿಲು ತೆಗೆದಳು, ನೀರು ತೆಗೆದಳು, ಕಾಳು ತೆಗೆದಳು, ಸಿಪ್ಪೆ ತೆಗೆದಳು. ನಿಘಂಟು ನೋಡಿ ‘ಜಲವನ್ನು ಮೇಲೆತ್ತಿದಳು’, ‘ಸಿಪ್ಪೆಯನ್ನು ಬೇರ್ಪಡಿಸಿದಳು’ ಎಂದೆಲ್ಲ ತಿದ್ದಿದೆ. ಪುನರಾವರ್ತನೆ ತಪ್ಪಿತು, ಆದರೆ ವಾಕ್ಯದಲ್ಲಿ ಅಜ್ಜಿಯೇ ಕಾಣದಾದಳು. ಎಲ್ಲಿ ತಪ್ಪಿದೆನೆಂದು ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಸಮಾನಾರ್ಥಕ ಪದವನ್ನು ಹುಡುಕುವ ಮೊದಲು ಕೈ ಏನು ಮಾಡುತ್ತಿದೆ ಎಂಬುದನ್ನು ನೋಡಿಕೊಳ್ಳಿ. ಬಾವಿಯಿಂದ ಹಗ್ಗ ಹಾಕಿ ನೀರನ್ನು ಸೇದುತ್ತೇವೆ, ಹಂಡೆಯಿಂದ ತಂಬಿಗೆಯಲ್ಲಿ ಮೊಗೆಯುತ್ತೇವೆ, ನಲ್ಲಿಯಲ್ಲಿ ಹಿಡಿಯುತ್ತೇವೆ. ಸಿಪ್ಪೆಯ ವಿಷಯದಲ್ಲಂತೂ ನಮ್ಮ ಅಡುಗೆಮನೆಯ ಭಾಷೆ ಬಹಳ ಶ್ರೀಮಂತವಾದುದು. ಬಾಳೆಹಣ್ಣನ್ನೂ ಬೆಳ್ಳುಳ್ಳಿಯನ್ನೂ ಬೆರಳಿನಿಂದ ಸುಲಿಯುತ್ತೇವೆ. ಸೌತೆಕಾಯಿಯ ಸಿಪ್ಪೆಯನ್ನು ಚಾಕುವಿನ ಅಲಗಿನಿಂದ ಹೆರೆಯುತ್ತೇವೆ. ಅವರೆಕಾಯಿಯನ್ನು ಬಿಡಿಸಿದರೆ ಕಾಳು ಸಿಗುತ್ತದೆ. ಆ ಕಾಳನ್ನು ನೆನೆಹಾಕಿ, ಎರಡು ಬೆರಳುಗಳ ನಡುವೆ ಒತ್ತಿ, ಒಳಗಿನ ಬೇಳೆ ಚಿಮ್ಮಿ ಹೊರಬರುವಂತೆ ಮಾಡುವುದು ಹಿತುಕುವುದು, ಹಿತಕಿದ ಬೇಳೆ ಎಂಬ ಹೆಸರೇ ಅಲ್ಲಿಂದ ಬಂದಿದೆ. ಇದನ್ನು ‘ಹಿಸುಕು’ ಎಂದು ಬರೆದರೆ ಬೇಳೆ ನುಚ್ಚುನೂರಾದ ಚಿತ್ರ ಮೂಡುತ್ತದೆ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಕೆಲಸವೇ ಬೇರೆ.

ಎರಡನೆಯ ಉತ್ತರ:
ಮೇಲಿನ ಮಾತು ಸರಿ. ನಿಘಂಟಿನದು ತಪ್ಪಲ್ಲ, ಅದನ್ನು ನೋಡುವ ಕ್ರಮದಲ್ಲಿ ತೊಡಕಿದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆಗೆ ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನೂ ಕೊಟ್ಟಿದ್ದಾರೆ. ಅರ್ಥಕ್ಕಿಂತ ಹೆಚ್ಚು ಗಮನವನ್ನು ಆ ಪ್ರಯೋಗಗಳಿಗೆ ಕೊಡಬೇಕೆಂದು ನನ್ನ ಅಭಿಪ್ರಾಯ. ಜಲವೂ ನೀರೂ ಒಂದೇ ವಸ್ತುವಾದರೂ ಜಲಾಶಯದ ಪಕ್ಕದಲ್ಲಿ ನಿಂತು ಯಾರೂ ಕುಡಿಯಲು ಜಲ ಕೇಳುವುದಿಲ್ಲ.

ಮೂರನೆಯ ಉತ್ತರ:
ಒಂದು ಎಚ್ಚರಿಕೆ: ಒಂಬತ್ತು ‘ತೆಗೆ’ಗಳನ್ನೂ ಬದಲಿಸಲು ಹೋಗಬೇಡಿ. ‘ಬಾಗಿಲು ತೆಗೆದಳು’ ಎಂಬುದು ಮನೆಯ ಮಾತು, ಅದು ಹಾಗೆಯೇ ಇರಲಿ. ಸಂಭಾಷಣೆಯಲ್ಲಿ ಬರುವ ‘ಹೇಳಿದಳು’ ಕೂಡ ಹೀಗೆಯೇ. ಅದನ್ನು ಪ್ರತಿ ಸಲವೂ ‘ನುಡಿದಳು’, ‘ಉಸುರಿದಳು’ ಎಂದು ಬದಲಿಸಿದರೆ ಓದುಗರ ಗಮನ ಮಾತಿನಿಂದ ಪದದತ್ತ ಸರಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೊದಲ ವಾಕ್ಯ ಈಗ ಹೀಗಿದೆ: ‘ಅಜ್ಜಿ ಹಿತ್ತಿಲ ಬಾಗಿಲು ತೆಗೆದು, ಎರಡು ಬಿಂದಿಗೆ ನೀರು ಸೇದಿಟ್ಟು, ರಾತ್ರಿ ನೆನೆಹಾಕಿದ್ದ ಕಾಳನ್ನು ಹಿತುಕಲು ಕುಳಿತಳು.’